ಸಹಾಯ ಬೇಕು: ಕೋಡಿ ಬೆಂಗ್ರೆ ರಸ್ತೆಯಲ್ಲಿ ಮಕ್ಕಳಿಗೆ ಹಕ್ಕಿ ತೋರಿಸಬೇಕಿದೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ಹಕ್ಕಿ ನೋಡಲು ಹೂಡೆಯಿಂದ ಕೋಡಿ ಬೆಂಗ್ರೆಗೆ ಹೋಗುವ ರಸ್ತೆಗೆ ಕರೆದೊಯ್ಯಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ನೆರವಾಗಿ.

ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸ್ವರ್ಣಾ ನದಿ, ನಡುವೆ ತೆಂಗಿನ ತೋಟಗಳ ಕಿರಿದಾದ ನೆಲಪಟ್ಟಿ. ತುದಿಯಲ್ಲಿ ಸೀತಾ ನದಿಯೂ ಬಂದು ಸೇರುವ ಅಳಿವೆ. ಇದಕ್ಕಿಂತ ಚೆಂದದ ಪಾಠದ ಕೋಣೆ ನಮ್ಮ ಉಡುಪಿಯಲ್ಲಿ ಇನ್ನೊಂದಿಲ್ಲ. ಗರುಡ, ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳನ್ನು ನಾನೇ ಗುರುತಿಸಿ ತೋರಿಸಬಲ್ಲೆ. ತೊಡಕಿರುವುದು ವಲಸೆ ಹಕ್ಕಿಗಳಲ್ಲಿ. ಮರಳದಿಣ್ಣೆಯ ಮೇಲೆ ಓಡಾಡುವ ಪ್ಲವರ್, ಸ್ಯಾಂಡ್‌ಪೈಪರ್‌ಗಳು ಚಳಿಗಾಲದಲ್ಲಿ ಮಾಸಲು ಕಂದು ಬಣ್ಣಕ್ಕೆ ತಿರುಗಿ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಕೊಕ್ಕಿನ ಉದ್ದ, ಕಾಲಿನ ಬಣ್ಣ ನೋಡಿ ಬೇರ್ಪಡಿಸಿ ಹೇಳಬಲ್ಲವರು ಒಂದು ಬೆಳಗ್ಗೆ ನಮ್ಮ ಜೊತೆಗೆ ಬರುವಿರಾ?

ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಅವು ಮೇಯಲು ಇಳಿಯುತ್ತವೆ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಬೆಳಗಿನ ಹೊತ್ತಿಗೇ ನೀರು ಇಳಿದಿರುವ ಶನಿವಾರ ಯಾವುದೆಂದು ಮೀನುಗಾರಿಕೆಯ ಮನೆಯವರು ತಿಳಿಸಿದರೆ ಅದೇ ದಿನವನ್ನು ಗೊತ್ತುಮಾಡುತ್ತೇನೆ.

ಶಾಲಾ ಬಸ್ ತಿರುಗಿಸಲು ಜಾಗ ಎಲ್ಲಿ ಸಿಗುತ್ತದೆ? ಬೈನಾಕ್ಯುಲರ್ ಎರವಲು ಕೊಡುವವರು ಇದ್ದಾರೆಯೇ? ಹಿಂಡಿನಿಂದ ಎಷ್ಟು ದೂರ ನಿಂತರೆ ಹಕ್ಕಿಗಳಿಗೆ ಗಾಬರಿಯಾಗುವುದಿಲ್ಲ? ದೂರದ ವಲಸೆಯಿಂದ ದಣಿದು ಬಂದವುಗಳನ್ನು ನಮ್ಮ ಮಕ್ಕಳು ಮೇವಿನಿಂದ ಎಬ್ಬಿಸಬಾರದು. ಇದರಲ್ಲಿ ನಾನು ಕಟ್ಟುನಿಟ್ಟು.

ಇಲ್ಲಿಯೇ ಉತ್ತರಿಸಿ. ಜೊತೆಗೆ ಬರುವವರಿಗೆ ಬಸ್ಸಿನಲ್ಲಿ ಸೀಟು ಇದೆ, ಬೆಳಗಿನ ತಿಂಡಿ ನಮ್ಮದು.