ಸಹಾಯ ಬೇಕು: 9ನೇ ಕ್ಲಾಸ್ ಗಣಿತ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳ ಜಿಲ್ಲೆ ಗಂಗಾವತಿಯವರು. ಮಗಳು ಕನ್ನಡ ಮಾಧ್ಯಮದಲ್ಲಿ 9ನೇ ಕ್ಲಾಸ್. ಬಹುಪದೋಕ್ತಿ ಪಾಠ ಅವಳಿಗೆ ತುಂಬಾ ಕಷ್ಟ ಆಗ್ತಿದೆ.

ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಬಿಡಿಸುವಾಗ ನಡುವಿನ 2ಎಬಿ ಪ್ರತಿ ಸಲ ಬಿಟ್ಟುಬಿಡುತ್ತಾಳೆ. ನಿನ್ನೆ 3, 4 ಹಾಕಿ ಮಾಡಿಸಿದೆ. 7ರ ವರ್ಗ 49. ಆದರೆ 9, 16 ಕೂಡಿಸಿದರೆ 25 ಮಾತ್ರ. ಉಳಿದ 24 ಎಲ್ಲಿ ಹೋಯ್ತು ಅಂತ ಅವಳೇ ಕೇಳಿದಳು. ಗ್ರಾಫ್ ಹಾಳೆಯಲ್ಲಿ 7 ಮನೆ ಉದ್ದ, 7 ಮನೆ ಅಗಲದ ಚೌಕ ಬರೆದು, ಎರಡೂ ಕಡೆ 3 ಮನೆ ಬಿಟ್ಟು ಗೆರೆ ಎಳೆದೆವು. ಎರಡು ಚೌಕದ ಜೊತೆ 12 ಮನೆಗಳ ಎರಡು ಆಯತ ಸಿಕ್ಕವು. ಅವಳ ಮುಖ ಅರಳಿತು!

ಅಪವರ್ತನದಲ್ಲಿ ಮತ್ತೆ ನಿಂತಿದ್ದೇವೆ. 2ಎಕ್ಸ್ ಸ್ಕ್ವೇರ್ ಪ್ಲಸ್ 7ಎಕ್ಸ್ ಪ್ಲಸ್ 3ರಲ್ಲಿ 7ನ್ನು 6 ಮತ್ತು 1 ಅಂತ ಒಡೆಯಬೇಕು. ಅದು ಯಾಕೆ ಅಂತ ಕೇಳಿದರೆ ನನಗೆ ಹೇಳಲು ಬರುತ್ತಿಲ್ಲ. ಇದನ್ನೂ ಚಿತ್ರ ಬರೆದು ತೋರಿಸಬಹುದಾ?

ಇಲ್ಲಿ ಗಣಿತದ ಸರ್, ಮೇಡಂ ಯಾರಾದರೂ ವಾರಕ್ಕೆ ಎರಡು ಸಂಜೆ ಹೇಳಿಕೊಡುತ್ತೀರಾ? ಫೀಸ್ ಕೊಡುತ್ತೇವೆ. ಸುಮ್ನೆ ಬಾಯಿಪಾಠ ಬೇಡ. ಮುಂದಿನ ವರ್ಷದ ವರ್ಗ ಸಮೀಕರಣಕ್ಕೂ ಇದೇ ಬೇಕಲ್ವಾ? ದಯವಿಟ್ಟು ಗೊತ್ತಿದ್ದವರು ತಿಳಿಸಿ.