ಟ್ರೇಲರ್ ರೂಫ್ ಸೋರ್ತಿದ್ಯಾ? ಇವತ್ತು ಇಲ್ಲಿ ಕೇಳಿ

ಅಡ್ಮಿನ್: ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ಕಾರಿಗೆ ಕಟ್ಟಿ ಎಳ್ಕೊಂಡು ಹೋಗೋ ಗಾಡಿ-ಮನೆ) ಇಟ್ಕೊಂಡಿರೋ ಕನ್ನಡಿಗರಿಗೆಲ್ಲ ನಮಸ್ಕಾರ. ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆ ಆರ್‌ವಿ (ಇಂಥ ಗಾಡಿ) ರೂಫ್ ಕೆಲಸ ಮಾಡೋ ನಮ್ಮ 'ರೂಫಣ್ಣ' ಇವತ್ತು ಮಧ್ಯಾಹ್ನ ಗ್ರೂಪಲ್ಲಿ ಇರ್ತಾರೆ. ರಬ್ಬರ್ ರೂಫ್ ತೊಳೆಯೋದು, ಸೋರೋದು, ತೇಪೆ ಹಾಕೋದು, ಇಷ್ಟರ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಹಾಸನ ಟು ಹ್ಯೂಸ್ಟನ್: ಅಣ್ಣ, ನಮ್ದು 2014ರ ಗಾಡಿ. ಮಳೆ ಬಂದ್ರೆ ಸೈಡ್ ಗೋಡೆ ಮೇಲೆಲ್ಲ ಬಿಳಿ ಗೆರೆ ಇಳಿಯುತ್ತೆ. ರೂಫ್ ಸವರಿದ್ರೆ ಕೈಗೆ ಸುಣ್ಣದ ಥರ ಪುಡಿ. ರೂಫ್ ಹೋಯ್ತಾ?

ರೂಫಣ್ಣ: ಹೋಗಿಲ್ಲ. ರೂಫಿಗೆ ಹಾಕೋ ಇಪಿಡಿಎಂ ಅನ್ನೋ ರಬ್ಬರ್ ಬಿಸಿಲಿಗೆ ಹಾಗೇ ಪುಡಿ ಬಿಡುತ್ತೆ. ಅನುಮಾನ ಇದ್ರೆ ರೂಫಿನ ಒಂದು ವೆಂಟಿನ (ಗಾಳಿಕಿಂಡಿ) ಒಳಗಿನ ಚೌಕಟ್ಟು ಬಿಚ್ಚಿ, ರಬ್ಬರ್ ಕತ್ತರಿಸಿದ ಅಂಚು ನೋಡಿ. ಮೇಲೆ ಬಿಳಿ, ಅಡಿ ಕಪ್ಪು ಅಂದ್ರೆ ಇಪಿಡಿಎಂ. ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಕೆಟ್ ನೀರು, ಮೆತ್ತನೆ ಬ್ರಷ್ಷು ಸಾಕು. ಸ್ವಲ್ಪ ಸ್ವಲ್ಪ ಜಾಗ ಉಜ್ಜಿ, ಸೋಪು ಒಣಗೋಕೆ ಮುಂಚೆ ತೊಳೀರಿ. ಶುರು ಮಾಡೋಕೆ ಮೊದಲು ಗೋಡೆಗಳನ್ನ ನೆನೆಸಿ, ಕೆಲಸ ಮುಗಿಯೋವರೆಗೂ ನೀರು ಬಿಡ್ತಾ ಇರಿ, ಇಲ್ಲಾಂದ್ರೆ ಆ ಸುಣ್ಣದ ನೀರು ಅಲ್ಲೇ ಒಣಗಿ ಕೂತ್ಕೊಳ್ಳುತ್ತೆ. ಪ್ರೆಶರ್ ವಾಷರ್ ಬೇಡ, ಸೀಲೆಂಟಿನ (ಸಂದು ಮುಚ್ಚೋ ಅಂಟು) ಅಂಚನ್ನೇ ಎಬ್ಬಿಸಿಬಿಡುತ್ತೆ.

ಫೀನಿಕ್ಸ್ ಗೌಡ: ಬೇರೆ ಗ್ರೂಪಿಂದ ಬಂದಿದ್ದು, ಎಷ್ಟೋ ಜನಕ್ಕೆ ಉಪಯೋಗ ಆಗಿದೆಯಂತೆ 🙏 ಬ್ಲೀಚು, ವಿನೆಗರ್ರು ಸಮಸಮ ಬೆರೆಸಿ ರೂಫಿಗೆ ಹೊಡೀರಿ, ಕಪ್ಪು ಕಲೆ ಮಾಯ. ಆಮೇಲೆ ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಹೊಸದರ ಹೊಳಪು.

ರೂಫಣ್ಣ: ಅಡ್ಮಿನ್, ಇದನ್ನ ಅಳಿಸಿ. ಬ್ಲೀಚಿಗೆ ವಿನೆಗರ್ ಸೇರಿದ್ರೆ ಕ್ಲೋರಿನ್ ಗಾಳಿ ಬರುತ್ತೆ, ಏಣಿ ಮೇಲೆ ನಿಂತೋನಿಗೆ ಉಸಿರು ಕಟ್ಟುತ್ತೆ. ಇನ್ನು ಸೀಮೆಎಣ್ಣೆ, ಪೆಟ್ರೋಲು, ಕಿತ್ತಳೆ ವಾಸನೆಯ ಸಿಟ್ರಸ್ ಕ್ಲೀನರ್ರು, ಡಾಂಬರು, ಇವೆಲ್ಲ ಇಪಿಡಿಎಂಗೆ ವಿಷ. ರಬ್ಬರ್ ಊದಿ, ಅಂಟು ಬಿಟ್ಟು, ಗುಳ್ಳೆ ಏಳುತ್ತೆ. ಊದಿದ ರಬ್ಬರಿಗೆ ರಿಪೇರಿ ಇಲ್ಲ.

ಫೀನಿಕ್ಸ್ ಗೌಡ: ನಾನು ಬರೀ ಶೇರ್ ಮಾಡಿದ್ದು ಸಾರ್.

ರೂಫಣ್ಣ: ಅದೇ ಬೇಡ ಅಂದಿದ್ದು.

ಬೆಣ್ಣೆದೋಸೆ ಡಲ್ಲಾಸ್: ವೆಂಟ್ ಪೈಪ್ ಸುತ್ತ ಸೀಲೆಂಟ್ ಬಿರುಕು ಬಿಟ್ಟಿದೆ. ಮನೇಲಿ ಸಿಲಿಕಾನ್ ಟ್ಯೂಬ್ ಇದೆ. ಹಾಕ್ಲಾ?

ರೂಫಣ್ಣ: ಬೇಡ. ರಬ್ಬರಿಗೆ ಸಿಲಿಕಾನ್ ಸರಿಯಾಗಿ ಹಿಡಿಯಲ್ಲ. ಕಿತ್ತ ಮೇಲೂ ಅದರ ಜಿಡ್ಡು ಉಳಿದು, ಆಮೇಲೆ ಬೇರೆ ಏನೂ ಅಂಟಲ್ಲ. ರೂಫ್ ಮೇಲೆ ಮಟ್ಟಸ ಇರೋ ಜಾಗಕ್ಕೆ ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲೆಂಟು, ಅದು ತಾನೇ ಹರಡಿ ಸ್ಕ್ರೂ ತಲೆ ಮುಚ್ಚುತ್ತೆ. ನಿಂತ ಮೈಗೆ ನಾನ್ ಸ್ಯಾಗ್, ಅಂದ್ರೆ ಕೆಳಗೆ ಜಾರದೇ ಇರೋದು. ಹಳೇದು ಗಟ್ಟಿಯಾಗಿ ಕೂತಿದ್ರೆ ಕೀಳಬೇಡಿ, ತೊಳೆದು ಒಣಗಿಸಿ ಅದರ ಮೇಲೇ ಹಾಕಿ. ಎದ್ದಿರೋ ಚೂರು ಮಾತ್ರ ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ತೆಗೀರಿ.

ಶಿರಸಿ ಸಿಯಾಟಲ್: ಅಣ್ಣ, ನಮ್ಮ ಗಾಡೀಲಿ ಹಿಂದಿನ ಬಂಕ್ ಮೇಲಿರೋ ಲೈಟಿಂದ ನೀರು ತೊಟ್ಟಿಕ್ತಿದೆ. ನಮ್ಮನೆಯವರು ಎರಡು ಸಲ ಹತ್ತಿ ನೋಡಿದ್ರು, ರಬ್ಬರ್ ಎಲ್ಲೂ ಹರಿದಿಲ್ಲ. ಆದ್ರೆ ಹಿಂದಿನ ಮೂಲೇಲಿ ಕಾಲಿಟ್ರೆ ಮೆತ್ತಗೆ ಒಳಗೆ ಹೋಗತ್ತಂತೆ. ಒಳಗೆ ಮುಗ್ಗಲು ವಾಸನೆ. ಮುಂದಿನ ಶುಕ್ರವಾರ ಕ್ಯಾಂಪಿಂಗಿಗೆ ಹೊರಟಿದ್ದೀವಿ, ಮಕ್ಕಳು ಆ ಬಂಕಲ್ಲೇ ಮಲಗೋದು. ಸದ್ಯಕ್ಕೆ ಟಾರ್ಪಾಲ್ ಹಾಕಿದ್ರೆ ಸಾಕಾ?

ರೂಫಣ್ಣ: ಅಮ್ಮಾ, ಉಳಿದವರು ಕಾಯ್ಲಿ, ಮೊದಲು ನಿಮ್ದು. ಈಗಲೇ ಕರೆಂಟ್ ಕೇಬಲ್ ಕಿತ್ತು, ಬ್ಯಾಟರಿ ಕನೆಕ್ಷನ್ನೂ ತೆಗೀರಿ. ಸೀಲಿಂಗ್ ಲೈಟು 12 ವೋಲ್ಟಿಂದೇ ಇರಬಹುದು, ಶಾಕ್ ಹೊಡೀದೇ ಇರಬಹುದು, ಆದ್ರೆ ನೆನೆದ ಜಾಯಿಂಟಲ್ಲಿ ಶಾರ್ಟ್ ಆಗಿ ಬಿಸಿಯಾದ್ರೆ ಪಕ್ಕದಲ್ಲಿರೋದು ಬರೀ ಪ್ಲೈವುಡ್ಡು. ಎರಡನೇದು, ಯಜಮಾನ್ರು ಇನ್ನು ಮೇಲೆ ಹತ್ತೋದು ಬೇಡ. ಆ ರಬ್ಬರ್ ಕೆಳಗಿರೋದು ತೆಳು ಹಲಗೆ, ಅದರ ಕೆಳಗೆ ಸುಮಾರು 16 ಇಂಚಿಗೊಂದು ಅಡ್ಡಪಟ್ಟಿ. ಕಾಲು ಮೆತ್ತಗೆ ಹೋಗ್ತಿದೆ ಅಂದ್ರೆ ಹಲಗೆ ಲಡ್ಡಾಗಿದೆ. ಇನ್ನೊಂದು ಸಲ ಹತ್ತಿದ್ರೆ ಬಂಕಿನ ಮೇಲೇ ಇಳೀತಾರೆ.

ರಬ್ಬರ್ ಹರಿದಿಲ್ಲ ಅಂದ್ರಲ್ಲ, ನಂಬ್ತೀನಿ. ನಮ್ಮಲ್ಲಿಗೆ ಸೋರ್ತಾ ಬರೋ ಗಾಡಿಗಳಲ್ಲಿ ಮಧ್ಯದ ರಬ್ಬರ್ ಹರಿದಿರೋದು ಅಪರೂಪ. ಸೋರೋದು ತೂತು ಮಾಡಿದ ಕಡೆ, ಅಂಚು ಸೇರೋ ಕಡೆ. ನೀರು ಒಳಹೊಕ್ಕ ಜಾಗವೇ ಒಂದು, ತೊಟ್ಟಿಕ್ಕೋ ಜಾಗವೇ ಇನ್ನೊಂದು. ಗಾಡಿ ಯಾವ ಕಡೆ ವಾಲಿ ನಿಂತಿದೆಯೋ ಆ ಕಡೆ ಹಲಗೆ ಕೆಳಗೆ ಹರಿದು, ವೈರ್ ಹೋಗೋ ತೂತು ಸಿಕ್ಕಿದ ತಕ್ಷಣ ಲೈಟಿಗೆ ಇಳಿಯುತ್ತೆ. ನನಗೆ ಅನುಮಾನ ಇರೋದು ಮೂರು ಕಡೆ: ಹಿಂದಿನ ಅಂಚಿನ ಪಟ್ಟಿ, ಏಣಿ ಕೂರಿಸಿರೋ ಸ್ಕ್ರೂಗಳು, ಹಿಂದುಗಡೆ ಮೇಲಿರೋ ಕೆಂಪು ಮಾರ್ಕರ್ ಲೈಟುಗಳು.

ನೆಲದ ಮೇಲೆ ಬೇರೆ ಏಣಿ ಇಟ್ಟು, ಮೂಲೆ ಪಟ್ಟಿಯಲ್ಲಿರೋ ವಿನೈಲ್ ಎಳೆಯನ್ನ ಒಂದಡಿ ಎಬ್ಬಿಸಿ ನೋಡಿ. ಒಳಗೆ ಸ್ಕ್ರೂ ಸಾಲು ಕಾಣುತ್ತೆ. ಒಂದಕ್ಕೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿ, ಹಿಡಿತ ಇದೆಯಾ, ಸುಮ್ನೆ ಸುತ್ತುತ್ತಾ ಹೇಳಿ.

ಮಕ್ಕಳನ್ನ ಆ ಬಂಕಲ್ಲಿ ಮಲಗಿಸ್ಬೇಡಿ. ಮುಗ್ಗಲು ವಾಸನೆ ಅಂದ್ರೆ ಗೋಡೆ ಒಳಗೆ ಬೂಷ್ಟು ಹಿಡಿದಿದೆ. ಟಾರ್ಪಾಲು ನಿಂತ ಗಾಡಿಗೆ ನಾಲ್ಕು ದಿನಕ್ಕೆ ಆಗಬಹುದು. ಕಟ್ಕೊಂಡು ಹೈವೇಗೆ ಹೋದ್ರೆ ಗಾಳಿಗೆ ಪಟಪಟ ಬಡಿದು ರಬ್ಬರನ್ನೇ ಉಜ್ಜಿ ಹಾಕುತ್ತೆ.

ಮೈಸೂರ್ ಮಿಶಿಗನ್: ಟಾರ್ಪಾಲ್ ನಿಂತ ಗಾಡಿಗೂ ಹಾಕಬಾರದು. ಕೆಳಗೆ ತೇವ ಕಟ್ಟುತ್ತೆ.

ಹಾಸನ ಟು ಹ್ಯೂಸ್ಟನ್: ನಾವು ಚಳಿಗಾಲ ಪೂರ್ತಿ ಹಾಕ್ತೀವಿ. ಏನೂ ಆಗಿಲ್ಲ.

ಮೈಸೂರ್ ಮಿಶಿಗನ್: ಹ್ಯೂಸ್ಟನ್ನಲ್ಲಿ ಚಳಿಗಾಲ ಎಲ್ಲಿದೆ ಸ್ವಾಮಿ? ಇಲ್ಲಿ ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ. ಬಿರುಕಲ್ಲಿ ನಿಂತ ನೀರು ಮಂಜುಗಡ್ಡೆಯಾಗಿ ಬಿರುಕನ್ನೇ ಅಗಲ ಮಾಡುತ್ತೆ.

ಹಾಸನ ಟು ಹ್ಯೂಸ್ಟನ್: ಮಂಜು ನೋಡಿದೋರು ನೀವೊಬ್ರೇ ಅಲ್ಲ. ಬರೀ ರೂಫಿಗೆ ಹೇಳ್ತಿರೋದು.

ಬೆಣ್ಣೆದೋಸೆ ಡಲ್ಲಾಸ್: ಟ್ರೇಲರ್ ಮಾರಿ ಮೋಟೆಲಲ್ಲಿ ಮಲಗಿ. ತಲೆನೋವೇ ಇರಲ್ಲ 😄

ಮೈಸೂರ್ ಮಿಶಿಗನ್: ಈ ಗ್ರೂಪಲ್ಲಿ ನಿಮಗೇನು ಕೆಲಸ ಹಾಗಾದ್ರೆ?

ಆಸ್ಟಿನ್ ಅಯ್ಯರ್ ಮೆಸ್: ಮಳೆನೇ ಇಲ್ಲದಾಗ ಎಸಿ ಕೆಳಗೆ ನೀರು ಬೀಳುತ್ತೆ. ರೂಫಾ?

ರೂಫಣ್ಣ: ಎಸಿ ತಟ್ಟೆಯ ನೀರು ಹೋಗೋ ದಾರಿ ಕಸ ಕಟ್ಟಿರುತ್ತೆ, ಕ್ಲೀನ್ ಮಾಡಿ. ಆಮೇಲೂ ನಿಲ್ಲದಿದ್ರೆ ಎಸಿ ಕೂರಿಸೋಕೆ ರೂಫಲ್ಲಿ ಕೊರೆದ 14 ಇಂಚಿನ ಚೌಕದ ಸುತ್ತ ಇರೋ ಗ್ಯಾಸ್ಕೆಟ್ (ನೀರು ತಡೆಯೋ ಮೆತ್ತನೆ ಪಟ್ಟಿ) ನೋಡಿ. ಒಳಗಿಂದ ನಾಲ್ಕು ಬೋಲ್ಟ್ ಇರುತ್ತೆ, ಸಮವಾಗಿ ಬಿಗಿ ಮಾಡಿ. ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಬಂದಾಗ ನಿಲ್ಲಿಸಿ. ಜಾಸ್ತಿ ಬಿಗಿದ್ರೆ ಅದೂ ಸೋರುತ್ತೆ.

ಕೋಲಾರ ಕ್ಯಾಲಿಫೋರ್ನಿಯಾ: ಊರಿಂದ ತಂದ ಎಂ-ಸೀಲ್ ಇದೆ. ನಮ್ಮಪ್ಪ ನೀರಿನ ಟ್ಯಾಂಕಿಗೆ ಹಾಕಿದ್ದು ಇವತ್ತಿಗೂ ಕಲ್ಲಿನ ಥರ ಇದೆ.

ರೂಫಣ್ಣ: ಕಲ್ಲಿನ ಥರ ಇರೋದೇ ತೊಂದರೆ. ಟ್ಯಾಂಕ್ ಓಡಾಡಲ್ಲ, ಗಾಡಿ ಓಡಾಡುತ್ತೆ. ರೂಫ್ ಬಳುಕಿದ್ರೆ ಅದು ಬಿರಿಯುತ್ತೆ.

ಟ್ಯಾಂಪಾ ತಿಮ್ಮ: ಸ್ಕೈಲೈಟಿಗೆ ಸಿಲಿಕಾನ್ ಓಕೆನಾ?

ರೂಫಣ್ಣ: ಮೇಲೆ ಓದಿ.

ಡೆನ್ವರ್ ದೊಡ್ಡಪ್ಪ: ಪೂರ್ತಿ ರೂಫ್ ಬದಲಾಯಿಸೋಕೆ ಎಷ್ಟಾಗುತ್ತೆ? ಇನ್ಶೂರೆನ್ಸ್ ಕೊಡುತ್ತಾ?

ಫೀನಿಕ್ಸ್ ಗೌಡ: ಕ್ಲಿಯರ್ ಸಿಲಿಕಾನ್ ಬೇರೆ ಅಲ್ವಾ ಸಾರ್? ಅದನ್ನ ಅಕ್ವೇರಿಯಂಗೇ ಹಾಕ್ತಾರೆ.

ರೂಫಣ್ಣ: ರೂಫಲ್ಲಿ ಮೀನು ಸಾಕ್ತೀರಾ ಗೌಡ್ರೇ?

ಫೀನಿಕ್ಸ್ ಗೌಡ: ಕೇಳಿದ್ದಕ್ಕೆ ಮರ್ಯಾದೆಯಾಗಿ ಉತ್ತರ ಕೊಡಬಹುದಲ್ವಾ? ನೀವೊಬ್ರೇ ಬುದ್ಧಿವಂತರಾ?

ಅಡ್ಮಿನ್: ದಯವಿಟ್ಟು ಎಲ್ಲರೂ ಸಮಾಧಾನ. ಟಾರ್ಪಾಲ್ ಚರ್ಚೆ ಪರ್ಸನಲ್ ಮೆಸೇಜಲ್ಲಿ ಮುಂದುವರಿಸಿ.

ಹಾಸನ ಟು ಹ್ಯೂಸ್ಟನ್: ಶುರು ಮಾಡಿದ್ದು ಮಿಶಿಗನ್ನೋರು.

ಶಿರಸಿ ಸಿಯಾಟಲ್: ಅಣ್ಣ, ನೋಡಿದ್ವಿ. ಒಂದು ಸ್ಕ್ರೂ ಬೆರಳಲ್ಲೇ ಬಂತು. ತುಕ್ಕು ತಿಂದು ಸೂಜಿ ಹಾಗಾಗಿದೆ. ಕಪ್ಪು ಕಪ್ಪು ಮರದ ಪುಡಿ ಅಂಟ್ಕೊಂಡಿತ್ತು, ಹಿಂಡಿದ್ರೆ ನೀರು. ಪಕ್ಕದ ಎರಡೂ ಸುಮ್ನೆ ಸುತ್ತುತ್ತವೆ. ಮೇಲಿಂದ ಅಗಲ ಟೇಪ್ ಅಂಟಿಸಿದ್ರೆ?

ರೂಫಣ್ಣ: ಅಂಟಿಸ್ಬೇಡಿ. ಒದ್ದೆ ಮರದ ಮೇಲೆ ಟೇಪ್ ಹಾಕಿದ್ರೆ ನೀರನ್ನ ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ. ಆ ಬ್ಯೂಟೈಲ್ (ಗಟ್ಟಿ ಅಂಟಿನ ರಬ್ಬರ್) ಟೇಪು ಒಮ್ಮೆ ಕೂತ್ರೆ ಕೀಳೋಕಾಗಲ್ಲ, ನಾಳೆ ರಿಪೇರಿ ಮಾಡೋನು ರಬ್ಬರ್ ಸಮೇತ ಕೀಳಬೇಕು. ಒಣ ಮರ, ಸಣ್ಣ ಹರುಕು ಇದ್ದಾಗ ಅದು ಒಳ್ಳೇ ವಸ್ತು, ನಿಮಗಲ್ಲ. ಶುಕ್ರವಾರದ ಟ್ರಿಪ್ ಬಿಡಿ. ಹಿಂದಿನ ಏಣಿಗೆ ಸೈಕಲ್ ಕಟ್ಟಿದ್ರೆ ಈಗಲೇ ಇಳಿಸಿ. ಶೆಡ್ಡೋ ಕಾರ್‌ಪೋರ್ಟೋ ಸಿಕ್ಕಿದ್ರೆ ಅದರ ಕೆಳಗೆ ನಿಲ್ಲಿಸಿ, ಕಿಟಕಿ ತೆಗೆದಿಡಿ.

ರಿಪೇರಿಯೋರ ಹತ್ರ ಹೋದಾಗ, ಮೊದಲು ಪಟ್ಟಿ ಬಿಚ್ಚಿ, ರಬ್ಬರ್ ಮಡಿಸಿ, ಒಣ ಮರ ಸಿಗೋವರೆಗೆ ಹಲಗೆ ಕತ್ತರಿಸಿ ತೆಗೀರಿ ಅನ್ನಿ. ಹಿಂದಿನ ಗೋಡೆಯ ಚೌಕಟ್ಟಿಗೆ ಮಾಯಿಶ್ಚರ್ ಮೀಟರ್ ಚುಚ್ಚಿ ಎಲ್ಲೀವರೆಗೆ ಒದ್ದೆ ಇದೆ ಅಂತ ತೋರಿಸಲಿ. ಬಿಚ್ಚಿದಾಗ ಫೋಟೊ ಬೇಕು ಅಂತ ಮೊದಲೇ ಹೇಳಿ. ಮುಗಿದ ಮೇಲೆ ಒಳಗೆ ಬ್ಲೋವರಲ್ಲಿ ಗಾಳಿ ತುಂಬಿಸಿ ಹೊರಗೆ ಸೋಪು ನೀರು ಹೊಡೆದು ನೋಡ್ಲಿ, ಸೋರೋ ಕಡೆ ಗುಳ್ಳೆ ಏಳುತ್ತೆ. ಮೇಲೆ ಸೀಲೆಂಟ್ ಬಳಿದು ಆಯ್ತು ಅಂದ್ರೆ ದುಡ್ಡು ಕೊಡಬೇಡಿ.

ಶಿರಸಿ ಸಿಯಾಟಲ್: ಆಯ್ತು ಅಣ್ಣ. ಸೈಕಲ್ ಇಳಿಸಿದ್ವಿ. ಮಕ್ಕಳು ಅಳ್ತಿದ್ದಾರೆ.

ಮೈಸೂರ್ ಮಿಶಿಗನ್: ಅಣ್ಣ, ಹಿಮ ಬಿದ್ದಾಗ ರೂಫಿಂದ ಗುದ್ದಲೀಲಿ ತೆಗೀಬಹುದಾ?

ಟ್ಯಾಂಪಾ ತಿಮ್ಮ: ಮೇಲೆ ಓದಿದೆ. ಟಿಪಿಒ (ಪ್ಲಾಸ್ಟಿಕ್ ಥರದ ಇನ್ನೊಂದು ಹೊದಿಕೆ) ರೂಫಿಗೂ ಅದೇ ಸೀಲೆಂಟಾ?

ರೂಫಣ್ಣ: ಡಬ್ಬಿ ಮೇಲೆ ಟಿಪಿಒ ಅಂತ ಇದ್ರೆ ಹೌದು. ಟೇಪಿಗಾದ್ರೆ ಪ್ರೈಮರ್ ಬೇಕಾ ಅಂತ ನೋಡ್ಕೊಳ್ಳಿ. ನಾನು ಹೊರಟೆ, ಮಧ್ಯಾಹ್ನದ ಊಟ ಇನ್ನೂ ಆಗಿಲ್ಲ.

ಡೆನ್ವರ್ ದೊಡ್ಡಪ್ಪ: ನಂದೊಂದು ಪ್ರಶ್ನೆ ಮೇಲಿತ್ತು, ಯಾರೂ ನೋಡಿಲ್ಲ ಅನ್ಸುತ್ತೆ.