ವ್ಯೂನೋ, ಟೇಬಲ್ಲೋ?

“ಗುರು, ಎಸ್‌ಕ್ಯೂಎಲ್ ಕ್ವೆರಿ ಬರೆದ್ರೆ ಡೇಟಾಬೇಸಲ್ಲಿ ಟೇಬಲ್, ವ್ಯೂ ಕಟ್ಟಿಕೊಡೋ ಟೂಲ್ ಇದೆಯಲ್ಲ, ಡಿಬಿಟಿ (dbt)? ಅದರಲ್ಲಿ ಎಲ್ಲಾ ಮಾಡೆಲ್‌ಗೂ, ಅಂದ್ರೆ ಒಂದೊಂದು ಕ್ವೆರಿ ಫೈಲ್‌ಗೂ, ಹೊಸ ಸಾಲು ಮಾತ್ರ ಸೇರಿಸೋ ‘ಇನ್‌ಕ್ರಿಮೆಂಟಲ್’ ಅಂತ ಹಾಕ್ಬಿಟ್ರೆ ಮುಗೀತಲ್ಲ?”

“ಹಾಕು ಹಾಕು. ನೆಗಡಿ ಬಂತೂಂತ ಮೂಗು ಕೊಯ್ಕೊಂಡ ಹಾಗೆ! ಏನೂ ಹೇಳದೆ ಬಿಟ್ರೆ ಅದು ಕಟ್ಟೋದು ವ್ಯೂ. ಒಳಗೆ ಡೇಟಾ ಇರಲ್ಲ, ಬರೀ ಎಸ್‌ಕ್ಯೂಎಲ್; ಕೇಳಿದಾಗೆಲ್ಲ ಲೆಕ್ಕ ಹಾಕಿ ಕೊಡುತ್ತೆ. ಕಾಲಂ ಹೆಸರು ತಿದ್ದೋ ಸ್ಟೇಜಿಂಗ್ ಮಾಡೆಲ್‌ಗೆ ಧಾರಾಳವಾಯ್ತು.”

“ಡ್ಯಾಶ್‌ಬೋರ್ಡ್ ತೆರೆದ್ರೆ ಚಕ್ರ ತಿರುಗ್ತಾನೇ ಇರುತ್ತಲ್ಲ ಮಾರಾಯ?”

“ವ್ಯೂ ಮೇಲೆ ವ್ಯೂ, ಅದರ ಮೇಲೊಂದು ವ್ಯೂ ಏರಿಸಿದ್ರೆ ಇನ್ನೇನು ಮಾಡುತ್ತೆ ಪಾಪ? ಜನ ಓದೋ ಮಾರ್ಟ್ಸ್ ಫೋಲ್ಡರನ್ನ ಲೆಕ್ಕ ಹಾಕಿದ್ದನ್ನ ಉಳಿಸಿಡೋ ಟೇಬಲ್ ಮಾಡು. ಪ್ರಾಜೆಕ್ಟಿನ ಯಾಮೆಲ್ (ಸೆಟ್ಟಿಂಗ್) ಫೈಲಲ್ಲಿ ಆ ಫೋಲ್ಡರ್ ಹೆಸರಿನ ಕೆಳಗೆ ‘+ಮೆಟೀರಿಯಲೈಸ್ಡ್: ಟೇಬಲ್’, ಒಂದೇ ಸಾಲು. ಯಾವುದೋ ಒಂದಕ್ಕೆ ಬೇರೆ ಬೇಕಾದ್ರೆ ಅದರ ಫೈಲಿನ ನೆತ್ತಿ ಮೇಲೆ ಕಾನ್ಫಿಗ್ ಬರಿ. ಫೋಲ್ಡರ್ ಮಾತಿಗಿಂತ ಫೈಲ್ ಮಾತೇ ನಡೆಯೋದು.”

“ಎಫೆಮೆರಲ್?”

“ಅದು ಹೆಸರಿಗಷ್ಟೇ ಮಾಡೆಲ್. ಡೇಟಾ ಇಡೋ ವೇರ್‌ಹೌಸೆಲ್ಲಾ ತಡಕಾಡಿದ್ರೂ ಸಿಗಲ್ಲ, ಕರೆದವರ ಕ್ವೆರಿಯೊಳಗೆ ಸಿಟಿಇ, ಅಂದ್ರೆ ಹೆಸರಿಟ್ಟ ಒಳಕ್ವೆರಿ ಆಗಿ ನುಸುಳ್ಕೊಂಡಿರುತ್ತೆ. ತಪ್ಪು ಹುಡುಕೋವಾಗ ತಲೆ ಚಚ್ಕೋಬೇಕು.”

“ಹಾಗಾದ್ರೆ ಇನ್‌ಕ್ರಿಮೆಂಟಲ್ ಯಾವಾಗ?”

“ಟೇಬಲ್ ಪ್ರತಿ ರನ್‌ಗೂ ಬುಡದಿಂದ ಕಟ್ಟುತ್ತೆ. ಆ ಕಟ್ಟೋದೇ ಗಂಟೆಗಟ್ಟಲೆ ಹಿಡಿದಾಗ.”

“ಅಷ್ಟೇನಾ? ಗರಿಷ್ಠ ಸಮಯಕ್ಕಿಂತ ಹೊಸದಿರೋ ಸಾಲು ಮಾತ್ರ ತಗೋ ಅಂತ ಷರತ್ತು ಹಾಕಿದ್ರಾಯ್ತು.”

“ನಿನ್ನ ಟೇಬಲ್‌ನಲ್ಲಿ ಕೊನೇ ಸಮಯ 10:05. ಆಮೇಲೆ 10:02ರ ಸಾಲೊಂದು ಏದುಸಿರು ಬಿಡ್ತಾ ಬಂತು. ‘10:05 ದಾಟಿದೋರು ಮಾತ್ರ ಒಳಗೆ’ ಅಂತೀಯ. ಪಾಪದ್ದು ಬಾಗಿಲಲ್ಲೇ ಉಳೀತು.”

“ಮೂರು ದಿನ ಹಿಂದಿನಿಂದ ಓದಿದ್ರೆ?”

“ಓದು, ಆದ್ರೆ ಯುನೀಕ್ ಕೀ, ಅಂದ್ರೆ ಪ್ರತಿ ಸಾಲನ್ನೂ ಗುರುತಿಸೋ ಕಾಲಂ, ಕೊಡು. ಇಲ್ದಿದ್ರೆ ಹಳೇ ಸಾಲುಗಳೇ ಮತ್ತೆ ಮತ್ತೆ ಸೇರಿ ಮೊತ್ತ ಉಬ್ಬುತ್ತೆ. ಕೀಯಲ್ಲಿ ನಲ್ (ಖಾಲಿ ಬೆಲೆ) ಇದ್ರೂ ಅದೇ ಗೋಳು: ನಲ್‌ಗೆ ನಲ್ ಹೊಂದಲ್ಲ, ಪ್ರತಿ ಸಲ ಹೊಸಬನ ಥರ ಬಂದು ಕೂರುತ್ತೆ.”

“ಹೊಸ ಕಾಲಂ ಸೇರಿಸಿದ್ದೆ, ಟೇಬಲ್‌ನಲ್ಲಿ ಕಾಣ್ತಾನೇ ಇಲ್ಲ. ಎರರ್ರೂ ಇಲ್ಲ!”

“ಕಾಲಂ ಬದಲಾದ್ರೆ ಏನ್ಮಾಡ್ಬೇಕು ಅಂತ ಹೇಳೋ ‘ಆನ್ ಸ್ಕೀಮಾ ಚೇಂಜ್’ ಸೆಟ್ಟಿಂಗ್ ಮೊದಲಿಂದ ಇಗ್ನೋರ್‌ನಲ್ಲೇ ಇರುತ್ತೆ. ‘ಅಪೆಂಡ್ ನ್ಯೂ ಕಾಲಮ್ಸ್’ ಕೊಟ್ರೆ ಕಾಲಂ ಬರುತ್ತೆ. ಹಳೇ ಸಾಲುಗಳಲ್ಲಿ ಮಾತ್ರ ನಲ್ಲೇ. ಅದಕ್ಕೆ ಬುಡದಿಂದ ಮತ್ತೆ ಕಟ್ಟೋ ಫುಲ್ ರಿಫ್ರೆಶ್ ಬೇಕು.”

“ಕೊಟ್ಟೆ.”

“ಕಮಾಂಡಿನ ‘ಸೆಲೆಕ್ಟ್’ನಲ್ಲಿ ಆ ಮಾಡೆಲ್ ಹೆಸರು ಹಾಕಿದ್ದೀಯ ತಾನೆ?”

“ಹಾಕ್ಬೇಕಿತ್ತಾ?”

“ಅಯ್ಯೋ! ಇರೋಬರೋ ಇನ್‌ಕ್ರಿಮೆಂಟಲ್ಲೆಲ್ಲಾ ಬುಡದಿಂದ ಶುರುವಾಯ್ತಲ್ಲೋ! ಕಂಟ್ರೋಲ್ ಸಿ ಒತ್ತೋ, ಒತ್ತೋ!”